ಬರಿಗಾಲಿಗೆ ಬಿದ್ದ ಬೈಗುಳ

ಬೇವಿನ ಮರದ ಕೆಳಗೆ ಹುಡುಗಿಯರು ಸಾಲಾಗಿ ಬಿಚ್ಚಿಟ್ಟಿದ್ದ ಶೂಗಳನ್ನು ನೋಡಿ ನಮ್ಮ ಹೆಡ್ ಮಾಸ್ತರರು ಕೇಳಿದ ಮೊದಲ ಪ್ರಶ್ನೆ ಇದು: “ಇಲ್ಲೇನು ಗುಡಿ ಐತೇನ್ರಿ, ಮೇಡಂ?”

ಗುಡಿ ಇರಲಿಲ್ಲ. ಇದ್ದದ್ದು ನಮ್ಮ ಸರಕಾರಿ ಪ್ರೌಢಶಾಲೆಯ ಮೈದಾನ. ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ಬಸ್ಸು ಅರ್ಧ ನಿಮಿಷ ನಿಲ್ಲುವ ಹಳ್ಳಿ ಅದು. ಮೈದಾನವೆಂದರೆ ಮೂರು ಕಡೆ ಬಳ್ಳಾರಿ ಜಾಲಿಯ ಪೊದೆ, ಒಂದು ಕಡೆ ರಸ್ತೆ, ನಡುವೆ ಕೆಂಪು ಮಸಾರಿ ನೆಲ. ನಾನು ಅಲ್ಲಿಯ ದೈಹಿಕ ಶಿಕ್ಷಕಿ. ಓಟದ ತಂಡದ ಹುಡುಗಿಯರನ್ನು ಅವತ್ತು ಮೊದಲ ಸಲ ಬರಿಗಾಲಲ್ಲಿ ಮೈದಾನಕ್ಕೆ ಇಳಿಸಿದ್ದೆ.

“ಸರಕಾರ ಮಕ್ಕಳ ಕಾಲಿಗೆ ಶೂ ಹಾಕಸ್ತೈತಿ, ನೀವು ಬಿಚ್ಚಸ್ತೀರಿ. ಪಗಾರ ಯಾರ ಕಡಿಂದ ತಗೋತೀರಿ?”

“ಸರಕಾರದ ಕಡಿಂದನರಿ ಸರ್. ಶೂ ಹಾಕ್ಕೊಂಡು ಓಡಿದ್ರ ಹುಡುಗ್ಯಾರಿಗೆ ಮೊಣಕಾಲ ಕೆಳಗ ಎಲುಬು ನೋಯ್ತೈತಿ. ಅದಕ್ಕ.”

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ. ನಿಮ್ಮ ಹುಡುಗ್ಯಾರಿಗೆ ಶೂ ಡೊಂಕಾದ್ವು, ಹೌದಲ್ಲ?”

ಹುಡುಗಿಯರ ಮುಂದೆ ಹಾಗೆ ಅಂದು ಹೋದರು. ನನಗೆ ಮೈ ಉರಿದುಹೋಯಿತು. ಅವರ ಹಿಂದೆಯೇ ಹೋಗಿ ನಾಲ್ಕು ಮಾತು ಆಡಿ ಬರುವ ಸ್ವಭಾವ ನನ್ನದು; ಅವತ್ತು ಮಾತ್ರ ಸೀಟಿ ಬಾಯಿಗಿಟ್ಟು ಜೋರಾಗಿ ಊದಿದೆ.

ಬರಿಗಾಲಿನ ಹುಚ್ಚು ನನಗೆ ಎಲ್ಲೋ ಓದಿ ಹಿಡಿದದ್ದಲ್ಲ, ಹಿಮ್ಮಡಿಯಿಂದ ಹತ್ತಿದ್ದು. ಹಿಂದಿನ ವರ್ಷ ಪೂರ್ತಿ ಎಡ ಹಿಮ್ಮಡಿಯಲ್ಲಿ ಮೊಳೆ ಹೊಡೆದಂಥ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡಬೇಕಾದರೆ ಗೋಡೆ ಹಿಡಿಯಬೇಕಿತ್ತು. ಕೊಪ್ಪಳದ ಎಲುಬಿನ ಡಾಕ್ಟರೊಬ್ಬರು ಮೆತ್ತನೆಯ ಶೂ ಹಾಕಿ ಎಂದರು, ಹಾಕಿದೆ. ಇನ್ನೂ ಮೆತ್ತನೆಯದು ಹಾಕಿ ಎಂದರು, ಅದನ್ನೂ ಹಾಕಿದೆ. ಹಿಮ್ಮಡಿಯ ಕೆಳಗಿಡುವ ರಬ್ಬರಿನ ಬಿಲ್ಲೆ, ಇಂಜೆಕ್ಷನ್ನು, ಬಿಸಿನೀರು, ಎಲ್ಲವೂ ಮುಗಿದವು. ಓಟ ಕಲಿಸುವವಳು ಕುಂಟುತ್ತ ಮೈದಾನಕ್ಕೆ ಬಂದರೆ ಮಕ್ಕಳು ಎದುರಿಗೆ ಏನೂ ಅನ್ನುವುದಿಲ್ಲ, ಹಿಂದಿನಿಂದ ಅದೇ ಥರ ಕುಂಟಿ ತೋರಿಸುತ್ತಾರೆ.

ನಾನಿರುವುದು ಕುಷ್ಟಗಿಯಲ್ಲಿ. ಊರ ಹೊರಗೆ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುತ್ತಿದ್ದೆ. ಒಂದು ದಿನ ನೋವು ಎಷ್ಟು ಸಿಟ್ಟು ತರಿಸಿತೆಂದರೆ, ಎರಡೂ ಶೂ ಬಿಚ್ಚಿ ಏರಿಯ ಕೆಳಗೆ ಎಸೆದೆ. ಎಸೆದದ್ದನ್ನು ತರಲು ಹೋಗಬೇಕಲ್ಲ, ಹಿಮ್ಮಡಿ ನೆಲಕ್ಕೆ ತಾಗಿಸಲು ಹೆದರಿ ಪಾದದ ಮುಂಭಾಗದ ಮೇಲೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಓಡಿದೆ. ನೋವು ಬರಲಿಲ್ಲ. ಶೂ ಕೈಯಲ್ಲಿ ಹಿಡಿದು ಅದೇ ರೀತಿ ಏರಿಯ ಕೊನೆಯವರೆಗೂ ಓಡಿ ನೋಡಿದೆ. ಮರುದಿನ ಮೀನಖಂಡಗಳು ಕಲ್ಲಾಗಿದ್ದವು, ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ, ಆದರೆ ಹಿಮ್ಮಡಿ ಸುಮ್ಮನಿತ್ತು.

ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿದೆ. ಅವಸರ ಮಾಡಿದ ದಿನ ಮೀನಖಂಡ ಬೈಯುತ್ತಿತ್ತು, ನಿಲ್ಲಿಸುತ್ತಿದ್ದೆ. ಆಗ ತಿಳಿದದ್ದು ಇಷ್ಟು. ಹಿಮ್ಮಡಿಯ ಕೆಳಗೆ ದಪ್ಪ ಮೆತ್ತೆ ಇದ್ದರೆ ನಾವು ಕಾಲನ್ನು ಉದ್ದಕ್ಕೆ ಚಾಚಿ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುತ್ತೇವೆ. ಆ ಏಟು ಎಲುಬು ಹತ್ತಿ ಮೊಣಕಾಲಿಗೆ, ಸೊಂಟಕ್ಕೆ ಹೋಗುತ್ತದೆ. ಮೆತ್ತೆ ಇಲ್ಲದಿದ್ದರೆ ಯಾರಿಗೂ ಹಾಗೆ ಕುಟ್ಟುವ ಧೈರ್ಯ ಬರುವುದಿಲ್ಲ. ಹೆಜ್ಜೆ ತಾನಾಗಿ ಗಿಡ್ಡದಾಗುತ್ತದೆ, ಪಾದ ಮೈಯ ಕೆಳಗೇ ಬೀಳುತ್ತದೆ, ಭಾರವನ್ನು ಎಲುಬಿನ ಬದಲು ಸ್ನಾಯು ಹೊರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕಾಲ್ಬೆರಳುಗಳು ಬಿಡಿಸಿಕೊಂಡಿದ್ದವು, ಬೆಳಗಿನ ಮೊದಲ ಹೆಜ್ಜೆಗೆ ಗೋಡೆ ಬೇಕಾಗಿರಲಿಲ್ಲ.

ಇನ್ನೊಂದು ಲಾಭವೂ ಆಯಿತು. ಓಡುವಾಗ ಮನಸ್ಸಿನಲ್ಲೇ ಯಾರ ಜೊತೆಗಾದರೂ ಜಗಳ ಆಡುವುದು ನನ್ನ ಚಟ. ಬರಿಗಾಲಲ್ಲಿ ಅದು ಸಾಧ್ಯವಿಲ್ಲ. ಮುಂದಿನ ಹೆಜ್ಜೆಗೆ ಕಲ್ಲಿದೆಯೋ ಮುಳ್ಳಿದೆಯೋ ನೋಡುವಷ್ಟರಲ್ಲಿ ಹೆಡ್ ಮಾಸ್ತರರು ತಲೆಯಿಂದ ಇಳಿದುಹೋಗಿರುತ್ತಾರೆ. ಅಷ್ಟು ಹೊತ್ತು ನಾನು ಒಳ್ಳೆಯ ಹೆಂಗಸಾಗಿರುತ್ತೇನೆ. ಆದರೆ ಶಾಲೆಗೆ ಮಾತ್ರ ಶೂ ಹಾಕಿಕೊಂಡೇ ಹೋಗುತ್ತಿದ್ದೆ. ಏರಿಯ ಮೇಲಿನದು ನನ್ನ ಸ್ವಂತ ವಿಷಯ, ಶಾಲೆಯದು ನೌಕರಿ ಎಂದುಕೊಂಡಿದ್ದೆ.

ಇಷ್ಟೆಲ್ಲ ಜಗಳಕ್ಕೆ ಕಾರಣವಾದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಅವಳ ಅಪ್ಪ ಆ ಊರಿನ ವಾಟರ್‌ಮನ್. ಟ್ಯಾಂಕು ತುಂಬಿಸಿ, ಓಣಿ ಓಣಿಗೆ ನೀರು ಬಿಡುವುದು ಅವರ ಕೆಲಸ. ಹಿಂದಿನ ವರ್ಷ ಈ ಹುಡುಗಿ ಬರಿಗಾಲಲ್ಲೇ ಓಡಿ ತಾಲೂಕಿಗೆ ಮೊದಲು ಬಂದಿದ್ದಳು. ಖುಷಿಯಾದ ಅಪ್ಪ ಕೊಪ್ಪಳಕ್ಕೆ ಹೋಗಿ ಶೂ ತಂದರು. ಬಿಳಿ ಶೂ, ಕಿತ್ತಳೆ ಬಣ್ಣದ ಲೇಸು, ಹಿಮ್ಮಡಿಯ ಕೆಳಗೆ ಎರಡು ಬೆರಳು ದಪ್ಪದ ಮೆತ್ತೆ. ಬೆಳೆಯುವ ಕಾಲು ಎಂದು ಒಂದು ಅಳತೆ ದೊಡ್ಡದನ್ನೇ ತಂದಿದ್ದರು. ಊರಲ್ಲಿ ಅಂಥ ಶೂ ಇನ್ನೊಬ್ಬರ ಹತ್ತಿರ ಇರಲಿಲ್ಲ.

ಆ ಶೂ ಬಂದಂದಿನಿಂದ ಹುಡುಗಿಯ ಓಟ ಕೆಟ್ಟಿತು. ಮೊದಲು ಜಿಂಕೆಯಂತೆ ಓಡುತ್ತಿದ್ದವಳು ಈಗ ಧಪ್ ಧಪ್ ಎಂದು ನೆಲ ಕುಟ್ಟುತ್ತಿದ್ದಳು. ಮೊಣಕಾಲ ಕೆಳಗಿನ ಎಲುಬಿನ ಅಂಚಿನಲ್ಲಿ ನೋವು, ಬೆರಳು ಇಟ್ಟರೆ ಹಲ್ಲು ಕಚ್ಚುತ್ತಿದ್ದಳು. ಈ ವರ್ಷ ತಾಲೂಕಿನಲ್ಲಿ ಹೇಗೋ ಎರಡನೆಯವಳಾಗಿ ಜಿಲ್ಲೆಗೆ ಆಯ್ಕೆಯಾದಳು. ಮೂರು ಸಾವಿರ ಮೀಟರ್ ಓಟ. ಕೊಪ್ಪಳದ ಜಿಲ್ಲಾ ಕೂಟದಲ್ಲಿ ಮೊದಲ ಇಬ್ಬರಲ್ಲಿ ಬಂದರೆ ವಿಭಾಗ ಮಟ್ಟಕ್ಕೆ ಹೋಗುತ್ತಾಳೆ, ಅಲ್ಲಿ ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸುವವರ ಕಣ್ಣಿಗೆ ಬೀಳುತ್ತಾಳೆ. ಇಲ್ಲದಿದ್ದರೆ ಮುಂದಿನ ವರ್ಷ ಹತ್ತನೆಯ ತರಗತಿ. ಹತ್ತನೆಯ ತರಗತಿಯ ಹುಡುಗಿಯನ್ನು ಆ ಊರಲ್ಲಿ ಯಾರೂ ಓಡಲು ಬಿಡುವುದಿಲ್ಲ. ಇದೊಂದೇ ಅವಕಾಶ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅದಕ್ಕೇ ಶೂ ಬಿಚ್ಚಿಸಿದೆ. ಅವಳೊಬ್ಬಳದನ್ನೇ ಬಿಚ್ಚಿಸಿದರೆ ಎದ್ದು ಕಾಣುತ್ತದೆ ಎಂದು ಇಡೀ ತಂಡದ್ದನ್ನು ಬಿಚ್ಚಿಸಿದೆ.

ಮೊದಲ ಕೆಲವು ದಿನ ಓಟವೇ ಇಲ್ಲ. ಕಾಲ್ಬೆರಳಿನಿಂದ ಹರಳು ಎತ್ತುವುದು, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲುವುದು, ತುದಿಗಾಲಲ್ಲಿ ಏರಿ ನಿಧಾನವಾಗಿ ಇಳಿಯುವುದು. ಹುಡುಗಿಯರಿಗೆ ಇದು ಆಟದಂತೆ ಕಂಡಿತು, ರಸ್ತೆಯಲ್ಲಿ ಹೋಗುವವರಿಗೆ ಹುಚ್ಚಾಟದಂತೆ ಕಂಡಿತು. ಆಮೇಲೆ ಮೈದಾನದ ನಡುವೆ ಗುಡಿಸಿ ಮಾಡಿಕೊಂಡ ಉದ್ದನೆಯ ಪಟ್ಟಿಯ ಮೇಲೆ ಸ್ವಲ್ಪ ದೂರ ಓಟ.

“ನಿಮ್ಮ ಕಾಲ ಸಪ್ಪಳ ನಿಮಗ ಕೇಳಬಾರದು. ಬೆಕ್ಕು ಹೆಂಗ ಹೋಗ್ತೈತಿ?” ಎಂದು ಕೇಳಿದೆ.

“ಹಾಲು ಕುಡಿಯಾಕ ಹೋದಂಗೋ, ಕುಡುದು ಓಡಿ ಬಂದಂಗೋ, ಮೇಡಂರಿ?” ಎಂದಳು ವಾಟರ್‌ಮನ್‌ರ ಮಗಳು. ಉಳಿದವರು ಬಿದ್ದು ಬಿದ್ದು ನಕ್ಕರು. ಅವಳು ಮಾತ್ರ ನಗದೆ ಓಡಿ ತೋರಿಸಿದಳು. ಸಪ್ಪಳ ನಿಜವಾಗಿಯೂ ಕೇಳಲಿಲ್ಲ. ತಿರುಗಿ ಬಂದು, “ಶೂದಾಗ ಕಾಲು ನಿದ್ದಿ ಮಾಡತಿದ್ವುರಿ” ಎಂದಳು.

ತೊಂದರೆ ಎಂದರೆ ನೆಗ್ಗಿಲ ಮುಳ್ಳು. ದಿನಾ ಗುಡಿಸಿದರೂ ದಿನಾ ಹೊಸದು. ಓಟ ಮುಗಿದ ಕೂಡಲೇ ಎಲ್ಲರೂ ಕೂತು ಪಾದ ಮೇಲೆ ಮಾಡಬೇಕು, ನಾನು ಚಿಮಟ ಹಿಡಿದು ಒಬ್ಬೊಬ್ಬರದೇ ನೋಡಬೇಕು. ಮುಳ್ಳು ತೆಗೆದು, ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ ಮನೆಗೆ ಕಳಿಸುತ್ತಿದ್ದೆ.

ನನ್ನ ಕಷ್ಟ ನೋಡಲಾರದೆ ಹುಡುಗಿಯರು ಒಂದು ಉಪಾಯ ಮಾಡಿದರು, ಮತ್ತು ಅದೇ ನಮ್ಮನ್ನು ಮುಳುಗಿಸಿತು. ಅವರಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಯ ಮಕ್ಕಳು. ಮುಳ್ಳು, ಹರಳು, ದೂಳು ಇಲ್ಲದ ನೆಲ ಎಂದರೆ ಅವರಿಗೆ ಗೊತ್ತಿರುವುದು ಒಂದೇ, ರಾಶಿ ಮಾಡುವ ಕಣ. ಒಂದು ಭಾನುವಾರ ಎಲ್ಲರೂ ಸೇರಿ ಓಟದ ಪಟ್ಟಿಗೆ ನೀರು ಹೊಡೆದು, ಯಾರದೋ ಮನೆಯ ರೋಣಗಲ್ಲು ಎಳೆದು ತಂದು ಉರುಳಿಸಿ, ಬುಟ್ಟಿಗಟ್ಟಲೆ ಸಗಣಿ ಕಲಸಿ ಪಟ್ಟಿಯ ಉದ್ದಕ್ಕೂ ಸಾರಿಸಿಬಿಟ್ಟಿದ್ದರು. ಕಾಲಿನಿಂದ ತುಳಿದು ತುಳಿದು ಹದ ಮಾಡಿದ್ದರು. ಸೋಮವಾರ ಬೆಳಿಗ್ಗೆ ನೋಡಿದರೆ ಮೈದಾನದ ನಡುವೆ ಹಸಿರು ಮಿಶ್ರಿತ ಕಂದು ಬಣ್ಣದ ನುಣ್ಣನೆಯ ದಾರಿ. ಒಂದು ಮೂಲೆಯಲ್ಲಿ ರಂಗೋಲಿ ಬೇರೆ ಹಾಕಿದ್ದರು.

ಇಷ್ಟು ಪ್ರೀತಿಯಿಂದ ಯಾರೂ ನನಗಾಗಿ ಏನನ್ನೂ ಮಾಡಿರಲಿಲ್ಲ. ಒಣಗಲಿ, ನಾಳೆ ಓಡೋಣ ಎಂದೆ. ಪಾದದಲ್ಲಿ ಮುಳ್ಳಿನ ತೂತು ಇದ್ದವರು ಆ ಸಗಣಿ ತುಳಿದಿದ್ದಾರೆ ಎಂಬುದು ಹೊಳೆಯಲೇ ಇಲ್ಲ.

ಎರಡು ದಿನಕ್ಕೆ ವಾಟರ್‌ಮನ್‌ರ ಮಗಳ ಬಲಗಾಲು ಊದಿಕೊಂಡಿತು. ಜ್ವರ ಬಂತು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪಾದ ಒತ್ತಿ ಕೀವು ತೆಗೆಯುತ್ತ ನರ್ಸಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡರು. “ಕಾಲಾಗ ತೂತು ಇಟ್ಕೊಂಡು ಸಗಣಿ ತುಳಿದ್ರ ಇನ್ನೇನಾಕೈತ್ರಿ? ಧನುರ್ವಾಯು ಆಗಿದ್ರ ಯಾರು ಜವಾಬ್ದಾರಿ? ನೀವೂ ಓದೀರಿ, ಮೇಡಂ!” ಇಂಜೆಕ್ಷನ್ನು ಕೊಟ್ಟು, ಪಟ್ಟಿ ಕಟ್ಟಿ, ವಾರದ ಮಟ್ಟಿಗೆ ಕಾಲು ನೆಲಕ್ಕೆ ಇಡಬಾರದು ಎಂದರು. ಹುಡುಗಿ ನೋವಿಗೆ ಅಳಲಿಲ್ಲ, ವಾರ ಎಂದ ಮಾತಿಗೆ ಅತ್ತಳು.

ಮರುದಿನ ಸಂಜೆ ಅವಳ ಅಪ್ಪ ಮೈದಾನಕ್ಕೆ ಬಂದರು. ಉಳಿದ ಹುಡುಗಿಯರು ಬೇವಿನ ಮರದ ಕೆಳಗೆ ಶೂ ಬಿಚ್ಚುತ್ತಿದ್ದರು. ಅವರ ಮಗಳ ಬಿಳಿ ಶೂಗಳೂ ಅಲ್ಲೇ ಇದ್ದವು. ಕಾಲು ಊದಿದ ದಿನ ಬಿಟ್ಟುಹೋಗಿದ್ದವು, ಮೇಲೆ ದೂಳು ಕೂತಿತ್ತು, ಬೇವಿನ ಎಲೆ ಬಿದ್ದಿತ್ತು. ಅವರು ಬಗ್ಗಿ ಎತ್ತಿಕೊಂಡು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು. ಒರೆಸುತ್ತಲೇ ಮಾತಾಡಿದರು.

“ಮೇಡಂ, ನಮ್ಮಪ್ಪ ಈ ಊರ ಚಾವಡಿ ಮುಂದ ಹಾಯಬೇಕಾದ್ರ ಚಪ್ಪಲಿ ಬಿಚ್ಚಿ ಕೈಯಾಗ ಹಿಡಕೊಂಡು ಹೋಗತಿದ್ದ. ಬಿಸಲಿರ್ಲಿ, ಕೆಸರಿರ್ಲಿ. ಸಣ್ಣಾಂವ ಇದ್ದಾಗ ನಾ ಕಣ್ಣಾರೆ ನೋಡೇನಿ. ಅದ ಚಾವಡಿ ಮುಂದ ನನ್ನ ಮಗಳು ಶೂ ಹಾಕ್ಕೊಂಡು ಟಕಾಟಕಾ ಹೋಗ್ಲೆಂತ ಕೊಪ್ಪಳಕ್ಕ ಹೋಗಿ ತಂದೀನಿ. ಓಡಾಕಂತ ತಂದಿಲ್ಲ. ತಿಳೀತಿಲ್ಲ?”

“ಅಣ್ಣಾರ, ಆ ಶೂನಿಂದನ ಆಕಿ ಎಲುಬು ನೋಯಾಕ್ಹತ್ತೈತಿ. ಅಳತಿನೂ ದೊಡ್ಡದು…”

“ನೋಯ್ಲಿ. ಶೂ ಹಾಕ್ಕೊಂಡು ನೋಯ್ಲಿ.” ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸುತ್ತಿದ್ದೆ. “ನೀವು ಯಲಬುರ್ಗಾ ಕಡಿ ಗೌಡಕಿ ಮನಿ ಹೆಣ್ಣಮಗಳು ಅಂತ ಕೇಳೇನಿ. ನಿಮಗ ಬರಿಗಾಲು ಅಂದ್ರ ಚೈನಿ. ನಮಗ ಅಂದ್ರ ಗುರುತು. ಮಂದಿ ಮಕ್ಕಳ ಕಾಲಾಗಿನವು ಬಿಚ್ಚಸೂ ಮುಂದ ನಿಮ್ಮ ಕಾಲಾಗ ಏನದಾವ ನೋಡ್ಕೋರಿ. ನನ್ನ ಮಗಳು ಇನ್ನ ಓಡೂದಿಲ್ಲ.”

ಹುಡುಗಿಯರೆಲ್ಲ ನನ್ನ ಕಾಲು ನೋಡಿದರು. ನಾನೂ ನೋಡಿಕೊಂಡೆ. ನೀಲಿ ಬಣ್ಣದ ದುಬಾರಿ ಶೂ, ಎರಡು ಗಂಟು ಹಾಕಿದ ಲೇಸು, ಕೊರಳಲ್ಲಿ ಸೀಟಿ.

ಅವರು ಮಗಳ ಶೂ ಕಂಕುಳಲ್ಲಿ ಇಟ್ಟುಕೊಂಡು ಹೋದ ಮೇಲೆ ಹೆಡ್ ಮಾಸ್ತರರು ವರಾಂಡದಿಂದ ಇಳಿದು ಬಂದರು. ಇಷ್ಟು ಹೊತ್ತು ಕಂಬದ ಮರೆಯಲ್ಲಿ ನಿಂತು ಕೇಳಿದ್ದರು. “ಊರ ಉಸಾಬರಿಗೆ ಮುಲ್ಲಾ ಸೊರಗಿದ್ನಂತ. ಇನ್ನ ಮುಂದ ಈ ಮೈದಾನದಾಗ ಮಕ್ಕಳದು ಒಂದ ಒಂದು ಬರಿಗಾಲು ಕಂಡ್ರ ಮ್ಯಾಲಿನವರಿಗೆ ತಿಳಸ್ತೀನಿ” ಎಂದರು. ಆ ರಂಗೋಲಿ ಹಾಕಿದ ಪಟ್ಟಿಯನ್ನು ಸಂಜೆಯೇ ಸನಿಕೆ ಹಿಡಿಸಿ ಕೆದರಿಸಿದರು.

ಬಸ್ಸಿನಲ್ಲಿ ಕುಷ್ಟಗಿಗೆ ಬರುವ ತನಕ ನಾನು ಕುದಿಯುತ್ತಿದ್ದೆ. ನಾನು ಯಾರ ಚಪ್ಪಲಿಯನ್ನೂ ಬಿಚ್ಚಿಸಿದವಳಲ್ಲ. ನನ್ನ ತವರುಮನೆಯ ಕಟ್ಟೆಯ ಮುಂದೆ ಯಾರು ಏನು ಬಿಚ್ಚುತ್ತಿದ್ದರೋ, ಅದು ನಾನು ಹುಟ್ಟುವ ಹೊತ್ತಿಗೆ ನಿಂತುಹೋಗಿತ್ತು. ನನ್ನ ಅಜ್ಜನ ದರ್ಬಾರಿಗೆ ನಾನೇಕೆ ಬೈಸಿಕೊಳ್ಳಬೇಕು? ಹಿಮ್ಮಡಿಯ ವಿಜ್ಞಾನಕ್ಕೂ ಚಾವಡಿಗೂ ಏನು ಸಂಬಂಧ? ಹೀಗೆ ಎಷ್ಟೋ ಉತ್ತರಗಳನ್ನು ಮನಸ್ಸಿನಲ್ಲೇ ಕೊಟ್ಟೆ, ಎಲ್ಲವೂ ಬಲವಾದವೇ. ಉಳಿದದ್ದು ಅವರ ಒಂದೇ ಮಾತು. ಬರಿಗಾಲು ಅಷ್ಟು ಒಳ್ಳೆಯದಾದರೆ ನನ್ನ ಕಾಲಲ್ಲಿ ಶೂ ಯಾಕೆ ಇತ್ತು? ಏರಿಯ ಮೇಲೆ, ಯಾರೂ ಇಲ್ಲದಲ್ಲಿ ಬಿಚ್ಚುವವಳು ಊರೊಳಗೆ ಯಾಕೆ ಹಾಕಿಕೊಳ್ಳುತ್ತಿದ್ದೆ? ಬಿಚ್ಚಿದರೆ ಏನೋ ಕಡಿಮೆಯಾಗುತ್ತದೆ ಎಂದು ನನಗೂ ಅನಿಸುತ್ತಿತ್ತು ಎಂದೇ ಅರ್ಥ ಅಲ್ಲವೇ?

ಮರುದಿನ ಬಸ್ಸಿನಿಂದ ಇಳಿದವಳೇ ಶೂ ಬಿಚ್ಚಿ ಬ್ಯಾಗಿಗೆ ತುರುಕಿದೆ. ಬಸ್ ನಿಲ್ದಾಣದಿಂದ ಚಹಾದ ಅಂಗಡಿ, ನೀರಿನ ಟ್ಯಾಂಕು, ಚಾವಡಿ ದಾಟಿ ಶಾಲೆ. ಊರೆಲ್ಲ ಎದ್ದು ಕೂತಿರುವ ಹೊತ್ತು. ಟ್ರ್ಯಾಕ್ ಸೂಟಿನ ಕಾಲು ಮಡಚಿ ಓಡತೊಡಗಿದೆ.

ಚಹಾದ ಅಂಗಡಿಯ ಬೆಂಚಿನಿಂದ ಒಬ್ಬ ಸಿಳ್ಳೆ ಹಾಕಿದ. ಇನ್ನೊಬ್ಬ, “ಮೇಡಂ ಚಪ್ಪಲಿ ಕಳುವಾಗ್ಯಾವೋ ಏನೋ, ಕಳ್ಳನ್ನ ಬೆನ್ನ ಹತ್ಯಾರ” ಎಂದ. ನಾಯಿಗಳು ಬೆನ್ನು ಹತ್ತಿದವು. ಚಾವಡಿಯ ಕಟ್ಟೆಯ ಮೇಲಿದ್ದ ಹಿರಿಯರು ಮಾತು ನಿಲ್ಲಿಸಿ, ಮೊದಲು ನನ್ನ ಮುಖವನ್ನು, ಆಮೇಲೆ ಕಾಲನ್ನು ನೋಡಿದರು. ಆ ನೋಟದ ಕೆಳಗೆ ಓಡುವಾಗ ಅಂಗಾಲಿಗೆ ಚುಚ್ಚಿದ್ದು ಹರಳಲ್ಲ. ಮೈಯೆಲ್ಲ ಮುದುಡಿಕೊಳ್ಳಬೇಕು ಅನಿಸಿತು. ಇಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುವುದು ಎಂದರೆ ಏನೆಂದು ಕಾಲು ಭಾಗವಾದರೂ ತಿಳಿಯಿತು. ಮುಂದೆ ಒಬ್ಬ ಮುದುಕಿ ಅಂಗಳದಲ್ಲಿ ನಿಂತು ಕೈಮುಗಿದು ಕೇಳಿದಳು: “ಹುಲಿಗೆಮ್ಮಗ ಹರಕಿ ಹೊತ್ತೀರೇನ್ರಿ, ಅಕ್ಕೋರ?” ಹೌದು ಎಂದಿದ್ದರೆ ಅವತ್ತೇ ಎಲ್ಲ ಸಲೀಸಾಗುತ್ತಿತ್ತು. ಹರಕೆಯ ಬರಿಗಾಲಿಗೆ ಆ ಊರಲ್ಲಿ ದಾರಿ ಬಿಡುತ್ತಾರೆ. “ಇಲ್ಲವ್ವ, ಹಿಮ್ಮಡಿ ಬ್ಯಾನಿ” ಎಂದೆ. ಮುದುಕಿ ಮುಗಿದ ಕೈ ಇಳಿಸಿದಳು.

ಹೆಡ್ ಮಾಸ್ತರರು ಗೇಟಿನಲ್ಲಿದ್ದರು. “ಮಕ್ಕಳು ಬರಿಗಾಲಾಗ ಕಾಣಬಾರದು ಅಂದೀರಿ ಸರ್. ನಾ ಸಣ್ಣ ಕೂಸಲ್ಲ” ಎಂದು ಹೇಳಿ ಒಳಗೆ ಹೋದೆ.

ದಿನಾ ಹಾಗೆಯೇ ಓಡಿದೆ. ಸಿಳ್ಳೆ ಹಾಕುವವರಿಗೆ ಬೇಸರ ಬಂತು. ನಾಯಿಗಳಿಗೂ ಬೇಸರ ಬಂತು. ವಾಟರ್‌ಮನ್‌ರು ಪ್ರತಿದಿನ ಟ್ಯಾಂಕಿನ ಕೆಳಗೆ ವಾಲ್ವ್ ತಿರುಗಿಸುತ್ತ ಇರುತ್ತಿದ್ದರು, ನನ್ನ ಕಡೆ ಬೆನ್ನು ಮಾಡಿ. ಒಂದು ಬೆಳಿಗ್ಗೆ ಬೆನ್ನು ತಿರುಗಿಸದೆಯೇ ಗದರಿದರು: “ಆ ಕಡಿಂದ ಹಾಯಬ್ಯಾಡ್ರಿ. ಯಾರೋ ಬಾಟ್ಲಿ ಒಡದಾರ.”

ನಿಂತೆ. ಮುಂದೆ ನಾಲ್ಕು ಹೆಜ್ಜೆಗೆ ಗಾಜಿನ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು.

“ಎದಕ್ಕ ಮಾಡಾಕ್ಹತ್ತೀರಿ ಇದನ್ನ?” ಎಂದರು.

“ನನ್ನ ಕಾಲು ನೋಡ್ಕೋ ಅಂದ್ರೆಲ್ಲ ನೀವು. ನೋಡ್ಕೊಂಡೆ.”

“ನಿಮಗ ನಾಚಿಗಿ ಬರ್ಲೆಂತ ಅಂದೆ. ಹಿಂಗ ಊರ ತುಂಬ ಓಡ್ಯಾಡ್ರಿ ಅಂತಲ್ಲ.”

“ನಾಚಿಗಿನೂ ಬಂತು, ಅಣ್ಣಾರ. ಚಾ‌ವಡಿ ಮುಂದ ಭಾಳ ಬಂತು. ಆದ್ರ ನಿಮ್ಮ ಮಗಳ ಕಾಲಿನ ವಿಷಯದಾಗ ನಾ ಹೇಳಿದ್ದು ಸುಳ್ಳಲ್ಲ. ಸಗಣಿ ನನ್ನ ತಪ್ಪು. ಶೂ ನಿಮ್ಮ ತಪ್ಪು.”

ಅವರ ಕಣ್ಣು ಕೆಂಪಾಯಿತು. ಅಷ್ಟರಲ್ಲಿ ಟ್ಯಾಂಕಿನ ಪಕ್ಕದಲ್ಲೇ ಇದ್ದ ಅವರ ಮನೆಯ ಬಾಗಿಲಿಂದ ಹುಡುಗಿ ಬಂದಳು. ಗಾಯ ಮಾಗಿತ್ತು, ಬಿಳಿ ಶೂ ಹಾಕಿಕೊಂಡಿದ್ದಳು. ಇಬ್ಬರನ್ನೂ ನೋಡಿ, ಅಪ್ಪನಿಗೆ ಹೇಳಿದಳು.

“ಯಪ್ಪಾ, ಸಾಲಿಗೆ ಶೂ ಹಾಕ್ಕೊಂಡ ಹೋಗ್ತೀನಿ. ಚಾವಡಿ ಮುಂದಿಂದನ ಹೋಗ್ತೀನಿ. ಮೈದಾನದಾಗ ನಾನ ಬಿಚ್ಚತೀನಿ, ಓಡಿದ ಮ್ಯಾಲ ನಾನ ಹಾಕ್ಕೋತೀನಿ. ಮೇಡಂ ಬಿಚ್ಚಂದ್ರು ಅಂತಲ್ಲ, ನೀ ಹಾಕ್ಕೋ ಅಂದಿ ಅಂತಲ್ಲ. ಕಾಲು ನಂದು.”

ವಾಟರ್‌ಮನ್‌ರ ಅಪ್ಪನ ಚಪ್ಪಲಿಯನ್ನು ಊರವರು ಬಲವಂತವಾಗಿ ಬಿಚ್ಚಿಸಿದ್ದರು. ಈ ಹುಡುಗಿಯ ಶೂ ಬಿಚ್ಚಿಸಲು ಹೊರಟವಳು ನಾನು, ಬಿಚ್ಚಬಾರದೆಂದು ಕಟ್ಟಿಹಾಕಿದವರು ಅವರು. ಅವಳನ್ನು ಇಬ್ಬರೂ ಕೇಳಿರಲಿಲ್ಲ. ವಾಟರ್‌ಮನ್‌ರು ವಾಲ್ವನ್ನು ಇನ್ನೊಂದು ಸುತ್ತು ತಿರುಗಿಸಿದರು. ಕೊಳವೆಯಲ್ಲಿ ನೀರು ಗುಡುಗುಡು ಸದ್ದು ಮಾಡಿತು.

“ಮತ್ತ ಕಾಲು ಕೆಡ್ತಂದ್ರ ನಿಮ್ಮನ್ನ ಬಿಡೂದಿಲ್ಲ ನೋಡ್ರಿ, ಮೇಡಂ” ಎಂದರು. ಅದೇ ಒಪ್ಪಿಗೆ. ಪಾಲಕರು ಒಪ್ಪಿದರು ಎಂದು ಹೇಳಿದಾಗ ಹೆಡ್ ಮಾಸ್ತರರು, “ನಾ ಏನೂ ನೋಡಿಲ್ಲ” ಎಂದು ಕಿಟಕಿ ಮುಚ್ಚಿಕೊಂಡರು.

ಉಳಿದ ದಿನಗಳು ಕಡಿಮೆ. ಕೆದರಿದ ಪಟ್ಟಿಯ ಮಣ್ಣು ಎತ್ತಿ ಹಾಕಿ, ಹಳ್ಳದ ಮರಳು ತಂದು ಜರಡಿಯಲ್ಲಿ ಸೋಸಿ ಹರಡಿದೆವು. ಗಾಯದ ಗುರುತು ಇನ್ನೂ ಇದ್ದದ್ದರಿಂದ ಮೊದಲು ನಡಿಗೆ, ಆಮೇಲೆ ಮೆಲ್ಲಗೆ ಓಟ. ಮೊದಮೊದಲು ಅವಳು ಶೂ ಹಾಕಿ ಓಡಿದ್ದಕ್ಕಿಂತ ನಿಧಾನವಾಗಿದ್ದಳು. ನನಗೆ ಒಳಗೇ ಹೆದರಿಕೆ. ಅಪ್ಪ ಹೇಳಿದ್ದೇ ನಿಜವಾದರೆ? ಆದರೆ ಎಲುಬಿನ ಅಂಚಿನ ನೋವು ದಿನದಿಂದ ದಿನಕ್ಕೆ ಇಳಿಯಿತು. ಬೆರಳು ಒತ್ತಿದರೂ ಹಲ್ಲು ಕಚ್ಚದ ದಿನ ಬಂತು. ಆಮೇಲೆ ಹೆಜ್ಜೆ ಹಗುರಾಯಿತು, ಉಸಿರು ಹದಕ್ಕೆ ಬಂತು, ಕೊನೆಯ ಸುತ್ತಿಗೂ ಕಾಲಲ್ಲಿ ಕಸುವು ಉಳಿಯತೊಡಗಿತು. ಪ್ರತಿ ಸಂಜೆ ಅವಳು ಬೇವಿನ ಕೆಳಗೆ ಕೂತು ತಾನೇ ಪಾದ ಮೇಲೆ ಮಾಡಿ ನೋಡಿಕೊಳ್ಳುತ್ತಿದ್ದಳು, ತೊಳೆಯುತ್ತಿದ್ದಳು, ಶೂ ಹಾಕಿ ಲೇಸು ಬಿಗಿದು ಚಾವಡಿಯ ಮುಂದಿಂದ ಮನೆಗೆ ಹೋಗುತ್ತಿದ್ದಳು. ಬೇಕೆಂದೇ ಸ್ವಲ್ಪ ಸಪ್ಪಳ ಮಾಡುತ್ತ ಹೋಗುತ್ತಿದ್ದಳು ಎಂದು ನನ್ನ ಅನುಮಾನ.

ಕೊಪ್ಪಳದ ಮೈದಾನಕ್ಕೆ ಅವಳ ಅಪ್ಪ ಕೆಲಸ ಬಿಟ್ಟು ಬಂದರು. ಓಟದ ಗೆರೆಯ ಹತ್ತಿರ ಹುಡುಗಿ ಶೂ ಬಿಚ್ಚಿ ಅವರ ಕೈಗೆ ಕೊಟ್ಟಳು. ಪಕ್ಕದಲ್ಲಿ ಗಂಗಾವತಿ ಕಡೆಯ ಒಬ್ಬಳು ಮೊಳೆ ಶೂ ಹಾಕಿ ಜಿಗಿಯುತ್ತಿದ್ದಳು. ಮೈಕಿನಲ್ಲಿದ್ದವರಿಗೆ ಇವಳ ಬರಿಗಾಲು ಕಂಡಿತು. ಅವರದು ಮರುಕದ ದನಿ: “ನೋಡಿ, ಕಾಲಿಗೆ ಶೂ ಕೂಡ ಇಲ್ಲದ ಒಬ್ಬ ಬಡ ವಿದ್ಯಾರ್ಥಿನಿ ಕಣದಲ್ಲಿದ್ದಾಳೆ. ಜೋರಾಗಿ ಚಪ್ಪಾಳೆ ತಟ್ಟಿ ಈ ಬಡ ಮಗುವನ್ನು ಹುರಿದುಂಬಿಸಿ!”

ಚಪ್ಪಾಳೆ ಬಿತ್ತು. ವಾಟರ್‌ಮನ್‌ರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಇಷ್ಟು ದಿನ ಅವರು ಹೆದರಿದ್ದು ಇದಕ್ಕೇ, ಅದು ಮೈಕಿನಲ್ಲೇ ಬಂದಿತ್ತು. ಅವರು ಜನರನ್ನು ತಳ್ಳಿಕೊಂಡು ಹಗ್ಗದ ಹತ್ತಿರ ಹೋಗಿ, ಎರಡೂ ಶೂಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂಗಿದರು: “ಅದಾವ! ಶೂ ಅದಾವ ನಮ್ಮಕಡಿ! ಆಕಿನ ಬಿಚ್ಚ್ಯಾಳ!”

ಸೀಟಿ ಊದಿದರು, ಓಟ ಶುರುವಾಯಿತು. ಅವರು ಕೈ ಇಳಿಸಲಿಲ್ಲ. ಹುಡುಗಿ ಮೊದಲ ಸುತ್ತುಗಳಲ್ಲಿ ನಡುವೆಲ್ಲೋ ಇದ್ದಳು. ಮುಂದಿದ್ದವರ ಕಾಲ ಸಪ್ಪಳ ಹಗ್ಗದ ಈಚೆಗೂ ಕೇಳುತ್ತಿತ್ತು, ಅವಳದು ಕೇಳುತ್ತಿರಲಿಲ್ಲ. ಬಿಸಿಲೇರಿ ನೆಲ ಕಾದಿತ್ತು. ಅರ್ಧ ದಾಟಿದ ಮೇಲೆ ಒಬ್ಬೊಬ್ಬರೇ ಹಿಂದೆ ಬಿದ್ದರು. ಪ್ರತಿ ಸುತ್ತಿಗೂ ಅವಳು ಅಪ್ಪನ ಮುಂದೆ ಹಾಯುವಾಗ ಆ ಬಿಳಿ ಶೂಗಳು ಮೇಲೇ ಇದ್ದವು, ಅವರ ತೋಳು ನಡುಗುತ್ತಿತ್ತು. ಕೊನೆಯ ಸುತ್ತಿನಲ್ಲಿ ಮೂರನೆಯವಳಾಗಿದ್ದವಳು ತಿರುವಿನಲ್ಲಿ ಒಬ್ಬಳನ್ನು ದಾಟಿದಳು. ಮೊಳೆ ಶೂನವಳು ಸಿಗಲಿಲ್ಲ. ಎರಡನೆಯ ಸ್ಥಾನ. ವಿಭಾಗಕ್ಕೆ ಆಯ್ಕೆ.

ನಾನು ಗೆರೆಯ ಹತ್ತಿರ ಕೂತು ಅವಳ ಪಾದ ನೋಡಿದೆ. ಎಲ್ಲಿಯೂ ಒಡೆದಿರಲಿಲ್ಲ.

ಪದಕ ಹಾಕಿದ ಮೇಲೆ ಫೋಟೋದವನೊಬ್ಬ ಬಂದ. “ಬರಿಗಾಲಾಗ ಹಂಗ ನಿಂದರ್ಸ್ರಿ, ಕಾಲು ಕಾಣ್ಲಿ. ಮೇಡಂ ನೀವೂ ಮಗ್ಗಲಕ್ಕ ಬರ್ರಿ” ಎಂದ. ನನಗೆ ಒಪ್ಪಿಗೆಯೇ ಇತ್ತು. ನಾನೂ ಅವತ್ತು ಬರಿಗಾಲಲ್ಲೇ ಇದ್ದೆ. ಬರಿಗಾಲು ಗೆದ್ದದ್ದು ಊರಿಗೆ, ಮುಖ್ಯವಾಗಿ ನಮ್ಮ ಹೆಡ್ ಮಾಸ್ತರರಿಗೆ, ಫೋಟೋದಲ್ಲಿ ಕಾಣಬೇಕು ಎಂಬ ಆಸೆ ನನಗಿತ್ತು.

“ತಡೀರಿ” ಎಂದರು ವಾಟರ್‌ಮನ್‌ರು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಟವೆಲ್ಲಿನಿಂದ ಅವಳ ಅಂಗಾಲಿನ ಮಣ್ಣು ಒರೆಸಿದರು. ಶೂ ಹಾಕಲು ಬಗ್ಗುವ ಮುನ್ನ ತಲೆ ಎತ್ತಿ, “ಹಾಕಲೇನವ್ವ?” ಎಂದು ಕೇಳಿದರು. ಹುಡುಗಿ ಕಾಲು ಮುಂದೆ ಚಾಚಿದಳು. ಒಂದೊಂದೇ ಹಾಕಿ, ಕಿತ್ತಳೆ ಲೇಸು ಎಳೆದು ಕಟ್ಟಿದರು.

ಎದ್ದು ನಿಂತು ನನಗೆ ಹೇಳಿದರು: “ಓಡೂದು ತನ್ನ ಹಂಗ ಓಡ್ಲಿ, ಮೇಡಂ. ನಿಂದ್ರೂದು ನನ್ನ ಹಂಗ ನಿಂದರ್ಲಿ.”

ಆಮೇಲೆ ನನ್ನ ಕಾಲು ನೋಡಿದರು. ಮುಖದಲ್ಲಿ ಮೊದಲಿನದೇ ಬಿಗುವು.

“ನೀವೂ ಹಾಕ್ಕೋರಿ. ನನ್ನ ಮಗಳ ಮಗ್ಗಲಕ್ಕ ಬರಿಗಾಲಾಗ ನಿಂದ್ರಬ್ಯಾಡ್ರಿ.”

ಬ್ಯಾಗಿನಿಂದ ಶೂ ತೆಗೆದು ಹಾಕಿಕೊಂಡೆ. ನಾನು ಲೇಸು ಕಟ್ಟಿ ಮುಗಿಸುವ ತನಕ ಅವರು ಫೋಟೋದವನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದ್ದರು.